ಮಲಗಿ ಬಂದ ಬಾಹುಬಲಿ

ಬಾಹುಬಲಿಯನ್ನು ಮಲಗಿದ್ದಾಗ ನೋಡಿದವಳು ನಾನು. ನನ್ನ ಹಾಗೆ ನೋಡಿದವರು ಕಾರ್ಕಳ, ಬೆಳ್ತಂಗಡಿ ತಾಲೂಕುಗಳಲ್ಲಿ ಸಾವಿರಾರು ಮಂದಿ ಇದ್ದರು. ಈಗ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಧರ್ಮಸ್ಥಳದ ರತ್ನಗಿರಿ ಬೆಟ್ಟದ ಮೇಲೆ ಇವತ್ತು ಆಕಾಶಕ್ಕೆ ತಲೆ ಕೊಟ್ಟು ನಿಂತಿರುವ 39 ಅಡಿಯ ಏಕಶಿಲಾ ಮೂರ್ತಿ ಅಲ್ಲೇ ಹುಟ್ಟಿದ್ದಲ್ಲ. ಕಾರ್ಕಳದಲ್ಲಿ ಕೆತ್ತಿದ ಆ ಮೂರ್ತಿ 1973ರಲ್ಲಿ ನಮ್ಮ ನಿಮ್ಮ ಬಸ್ಸು ಓಡಾಡುವ ರಸ್ತೆಯಲ್ಲೇ, ಊರಿಂದ ಊರಿಗೆ ನಿಧಾನವಾಗಿ ಸಾಗಿ ಬಂತು. ಬೆಟ್ಟ ಹತ್ತಿ ತಲೆಯೆತ್ತಿ ನೋಡಿದವರಿಗೆ ಕಾಣುವುದೇ ಬೇರೆ. ಅಂಗಳದ ಅಂಚಿಗೆ ನಿಂತು, ಎದೆಮಟ್ಟದಲ್ಲಿ ಹಾದು ಹೋದ ಪಾದವನ್ನು ನೋಡಿದ ನಮಗೆ ಕಂಡದ್ದೇ ಬೇರೆ.

ನಮ್ಮದು ಗುರುವಾಯನಕೆರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ರಸ್ತೆಗೆ ತಾಗಿಕೊಂಡ ಮನೆ. ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಕಟ್ಟು. ಹಾಗಾಗಿ ನಾನು ಬೆಳೆದದ್ದು ತಾಯಿಮನೆಯಲ್ಲಿ, ಅಜ್ಜಿ ಮತ್ತು ಮಾವನ ಆಡಳಿತದಲ್ಲಿ. ಸೂರ್ಯ ಮುಳುಗುವ ಮೊದಲೇ ಊಟ, ಊಟ ಮುಗಿದ ಮೇಲೆ ಚಾವಡಿಯಲ್ಲಿ ಪಂಚನಮಸ್ಕಾರ, ಆಮೇಲೆ ಮಾವನ ಲೋಕವಾರ್ತೆ. ಆ ವರ್ಷ ಲೋಕವಾರ್ತೆ ಅಂದರೆ ಒಂದೇ: ಮೂರ್ತಿ ಎಲ್ಲಿಗೆ ಮುಟ್ಟಿತು? ಇವತ್ತು ಯಾವ ತಿರುವಿನಲ್ಲಿ ನಿಂತಿದೆ? ಯಾವ ಸೇತುವೆಗೆ ಆಸರೆ ಕೊಡುತ್ತಿದ್ದಾರೆ? ಮಾವ ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದರು. ಬಂದವರು ಕಾಲು ತೊಳೆಯುವ ಮೊದಲೇ ಹೇಳಲು ಶುರು. ಅರವತ್ತನಾಲ್ಕು ಚಕ್ರದ ಟ್ರಾಲಿಯಂತೆ, ಮುಂದಿನಿಂದ ಎಂಜಿನ್ ಎಳೆಯುತ್ತದಂತೆ, ಏರು ಬಂದಾಗ ಹಿಂದಿನಿಂದಲೂ ನೂಕಬೇಕಂತೆ, ಇಳಿಜಾರಿನಲ್ಲಿ ಚಕ್ರಕ್ಕೆ ಅಡೆ ಕೊಟ್ಟು ಕೊಟ್ಟು ಇಳಿಸಬೇಕಂತೆ. ಸುಮಾರು 175 ಟನ್ ಭಾರ ಎಂದು ಮಾವ ಹೇಳಿದಾಗ ನಮಗೆ ಮಕ್ಕಳಿಗೆ ಅದರ ಅಂದಾಜೇ ಸಿಗಲಿಲ್ಲ. ಅಡಿಕೆ ಮೂಟೆಯ ಲೆಕ್ಕದಲ್ಲಿ ಹೇಳಿ ಎಂದು ತಮ್ಮ ಹಟ ಹಿಡಿದ. ಮಾವ ನಿಜವಾಗಿಯೂ ಕಾಗದ ತೆಗೆದು ಲೆಕ್ಕ ಹಾಕಿದರು.

ನಮ್ಮ ಮನೆಯ ಮುಂದೆ ಒಂದು ಸಣ್ಣ ಮೋರಿ ಇತ್ತು. ಮಳೆಗಾಲದ ತೋಡಿನ ನೀರು ದಾಟಿಸುವಂಥದ್ದು. ಮೂರ್ತಿ ಬರುವ ಮುಂಚೆ ಕೆಲಸದವರು ಬಂದು ಅದರ ಅಡಿಗೆ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿದರು. ರಸ್ತೆಗೆ ಚಾಚಿದ್ದ ಹಲಸಿನ ಮರದ ಕೊಂಬೆ ಕಡಿಯಬೇಕಾಯಿತು. ಆ ಮರ ಅಜ್ಜಿಗೆ ಪ್ರಾಣ. ಕೇಳಲು ಬಂದವರು ಅಳುಕುತ್ತಲೇ ಕೇಳಿದರು. ಅಜ್ಜಿ ಒಳಗಿಂದ ಕತ್ತಿ ತಂದು ಅವರ ಕೈಗೇ ಕೊಟ್ಟರು.

ಮೂರ್ತಿ ಬಂದ ದಿನದ ಸದ್ದನ್ನು ಹೇಗೆ ಹೇಳಲಿ? ಮೊದಲು ಎಂಜಿನ್ನಿನ ಗುಡುಗು, ಅದರ ಮೇಲೆ ಚೆಂಡೆ, ಅದರ ಮೇಲೆ ಜನರ ಜಯಕಾರ. ಶಾಲೆಗೆ ಯಾರೂ ಹೋಗಿರಲಿಲ್ಲ; ಮೇಷ್ಟ್ರೇ ರಸ್ತೆಯಲ್ಲಿದ್ದರು. ಪ್ರತಿ ಮನೆಯೆದುರು ಮಾವಿನೆಲೆಯ ತೋರಣ, ತುಂಬಿದ ಕೊಡ, ಹಿಂಗಾರ. ಜೈನರ ಮನೆ ಇದ್ದದ್ದು ಒಂದೆರಡು; ತೋರಣ ಇಲ್ಲದ ಮನೆ ಮಾತ್ರ ಒಂದೂ ಇರಲಿಲ್ಲ. ಬಂಟರು, ಬಿಲ್ಲವರು, ಗೌಡರು, ಚರ್ಚಿನ ಹತ್ತಿರದ ಕ್ರೈಸ್ತ ಪೊರ್ಬುಗಳು, ಎಲ್ಲರೂ ಬಿಸಿಲಲ್ಲಿ ನಿಂತಿದ್ದರು. ಅಂಗಡಿಯ ಬ್ಯಾರಿಯವರು ಟ್ರಾಲಿಯ ಕೆಲಸದವರಿಗೆ ಬೊಂಡ ಕೆತ್ತಿ ಕೆತ್ತಿ ಕೊಟ್ಟರು. ದುಡ್ಡು ಕೊಡಲು ಹೋದವರನ್ನು ಬೈದು ಕಳಿಸಿದರು. ಹಣ್ಣು ಹಣ್ಣು ಮುದುಕಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಟ್ರಾಲಿ ತಿರುವಿನಲ್ಲಿ ಕಾಣಿಸಿದ್ದೇ ಆಕೆ, ದೇವೆರ್ ಬತ್ತೆರ್, ದೇವೆರ್ ಬತ್ತೆರ್ ಎಂದು ಅಳಲು ಶುರು ಮಾಡಿದಳು. ದೇವರು ಬಂದರು. ತುಳುವಿನಲ್ಲಿ ಆ ಎರಡು ಮಾತು ಕೇಳಿದಾಗಲೆಲ್ಲ ನನಗೆ ಆ ಬಿಸಿಲು, ಆ ಧೂಳು ನೆನಪಾಗುತ್ತದೆ.

ಟ್ರಾಲಿ ನಮ್ಮ ಮೋರಿಯ ಹತ್ತಿರ ನಿಂತಿತು. ದಿಮ್ಮಿ ತಾಳುತ್ತದೋ ಇಲ್ಲವೋ ನೋಡಬೇಕಿತ್ತು. ಹಾಗಾಗಿ ನಮಗೆ ಸಿಕ್ಕಿದ ಹೊತ್ತು ಬೇರೆಯವರಿಗಿಂತ ಹೆಚ್ಚು. ನನ್ನ ಕಣ್ಣಿಗೆ ನೇರ ಬಿದ್ದದ್ದು ಕಾಲ್ಬೆರಳು. ಒಂದೊಂದು ಬೆರಳೂ ನನಗಿಂತ ದಪ್ಪ. ಉಗುರಿನ ಅಂಚನ್ನೂ ಶಿಲ್ಪಿ ಬಿಟ್ಟಿರಲಿಲ್ಲ. ಅಷ್ಟು ನುಣುಪಾಗಿ ತಿದ್ದಿದ್ದ. ಅಜ್ಜಿ ಸೆರಗು ಹೊದ್ದು ಮುಂದೆ ಹೋದರು, ಪಾದಕ್ಕೆ ಕೈ ತಾಗಿಸಿ ಕಣ್ಣಿಗೊತ್ತಿಕೊಂಡರು.

ಮಾವನಿಗೆ ಇದು ಸರಿಬರಲಿಲ್ಲ. ಅವರು ಶಾಸ್ತ್ರದ ಮನುಷ್ಯ. "ಅಮ್ಮಾ, ಪ್ರತಿಷ್ಠೆ ಆಗ್ಲಿಲ್ಲ. ಈಗ ಅದು ಕಲ್ಲು ಮಾತ್ರ. ಕೈ ಮುಗಿಯುವ ಹಾಗಿಲ್ಲ" ಎಂದರು. ಅವರು ಹೇಳಿದ್ದು ತಪ್ಪೇನಲ್ಲ. ನಮ್ಮಲ್ಲಿ ಬಿಂಬಕ್ಕೆ ಪೂಜ್ಯತೆ ಬರುವುದು ಪಂಚಕಲ್ಯಾಣದ ನಂತರ. ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಐದು ಮಂಗಳ ಘಟನೆಗಳನ್ನು ವಿಧಿಪೂರ್ವಕ ನಡೆಸಿದ ಮೇಲೆಯೇ ಇಂದ್ರರು, ಅಂದರೆ ನಮ್ಮ ಬಸದಿಯ ಪುರೋಹಿತರು, ಅಷ್ಟವಿಧಾರ್ಚನೆಗೆ ಕೂರುವುದು. ಅಲ್ಲಿಯವರೆಗೆ ಎಷ್ಟೇ ಸುಂದರವಾಗಿರಲಿ, ಶಿಲೆ ಶಿಲೆಯೇ.

ಅಜ್ಜಿ ತಿರುಗಿ ಕೂಡ ನೋಡಲಿಲ್ಲ. "ಇರ್ಲಿ ಮಗಾ. ಕಲ್ಲಾದ್ರೂ ನಮ್ಮ ಬಾಗಿಲಿಗೆ ಬಂದದ್ದಲ್ವಾ" ಎಂದರು.

ಈ ಎರಡು ಮಾತುಗಳ ನಡುವೆಯೇ ನನ್ನ ಭಕ್ತಿ ಬೆಳೆದದ್ದು. ಮಾವನ ಮಾತನ್ನು ನಾನು ಇವತ್ತಿಗೂ ಗೌರವಿಸುತ್ತೇನೆ, ಏಕೆಂದರೆ ಕಲ್ಲನ್ನು ಕಲ್ಲು ಎನ್ನುವ ಧೈರ್ಯ ಜೈನ ಧರ್ಮದ ಒಂದು ದೊಡ್ಡ ಗುಣ. ಆದರೆ ಒಂದು ಕ್ಷೇತ್ರ ಹುಟ್ಟುವುದು ಅಜ್ಜಿಯಂಥವರಿಂದ ಎಂದು ನಾನು ನಂಬಿದ್ದೇನೆ. ವಿಧಿ ನಡೆಯುವ ಮೊದಲೇ ಸಾವಿರಾರು ಕೈಗಳು ಆ ಮೂರ್ತಿಯನ್ನು ಒಪ್ಪಿಕೊಂಡಿದ್ದವು. 1982ರಲ್ಲಿ ನಡೆದ ಪ್ರತಿಷ್ಠೆ ಆ ಒಪ್ಪಿಗೆಗೆ ಬಿದ್ದ ಮುದ್ರೆ.

ಮೂರ್ತಿಯ ಹಿಂದಿರುವ ಸಂಕಲ್ಪ ಧರ್ಮಸ್ಥಳದ ಡಿ. ರತ್ನವರ್ಮ ಹೆಗ್ಗಡೆಯವರದು ಮತ್ತು ಅವರ ಪತ್ನಿ ರತ್ನಮ್ಮನವರದು. ಕೆತ್ತನೆ ಶುರುವಾದದ್ದು 1967ರಲ್ಲಿ. ಮರುವರ್ಷವೇ ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. ಬಂಡೆಯಲ್ಲಿ ಇನ್ನೂ ಆಕಾರ ಕೂಡ ಸರಿಯಾಗಿ ಮೂಡಿರಲಿಲ್ಲ. 1968ರ ಅಕ್ಟೋಬರಿನಲ್ಲಿ ಪಟ್ಟಕ್ಕೆ ಬಂದ ಮಗ ವೀರೇಂದ್ರ ಹೆಗ್ಗಡೆಯವರಿಗೆ ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. ಅಷ್ಟು ದೊಡ್ಡ ಕ್ಷೇತ್ರದ ಹೊಣೆ, ಅದರ ಜೊತೆಗೆ ತಂದೆ ಅರ್ಧದಲ್ಲಿ ಬಿಟ್ಟು ಹೋದ ಬಂಡೆ. ಕೆಲಸ ನಿಲ್ಲಲಿಲ್ಲ. ನಿಂತಿದ್ದರೆ ಯಾರೂ ದೂರುತ್ತಿರಲಿಲ್ಲ ಎಂಬುದನ್ನು ನೆನೆದಾಗ ಆ ನಿರ್ಧಾರದ ತೂಕ ತಿಳಿಯುತ್ತದೆ.

ಶಿಲ್ಪಿ ರೆಂಜಾಳ ಗೋಪಾಲ ಶೆಣೈ. ರೆಂಜಾಳ ಕಾರ್ಕಳದ ಹತ್ತಿರದ ಊರು. ಗೌಡ ಸಾರಸ್ವತ ಕುಲದ ವೈಷ್ಣವ. ಮನೆಮಾತು ಕೊಂಕಣಿ. ಆ ಕೆಲಸಕ್ಕೆ ಕೈ ಹಾಕಿದಾಗ ಅವರು ಆಗಲೇ ವಯೋವೃದ್ಧರು. ಅವರ ಉಳಿಯಿಂದ ದಿಗಂಬರ ಬಾಹುಬಲಿ ಎದ್ದ. ಕೆತ್ತಿಸಿದವರು ಜೈನ ಹೆಗ್ಗಡೆಯವರು. ಅವರು ಧರ್ಮಾಧಿಕಾರಿಯಾಗಿರುವುದು ಮಂಜುನಾಥನೆಂಬ ಶಿವನ ಕ್ಷೇತ್ರಕ್ಕೆ. ಆ ಮಂಜುನಾಥನಿಗೆ ಪೂಜೆ ಮಾಡುವವರು ಮಾಧ್ವ ಅರ್ಚಕರು. ಇದನ್ನು ಘಟ್ಟದ ಮೇಲಿನವರಿಗೆ ವಿವರಿಸಿದಾಗ ಅವರು ಆಶ್ಚರ್ಯಪಡುತ್ತಾರೆ. ನಮಗೆ ಇದು ಬದುಕಿದ ರೀತಿ. ಮಾವ ಚಂದ್ರನಾಥ ಬಸದಿಗೆ ಹೋಗಿ, ಮಂಜುನಾಥನಿಗೆ ಕೈ ಮುಗಿದು, ಅಣ್ಣಪ್ಪ ದೈವದ ಬೆಟ್ಟದ ಕಡೆ ತಲೆಬಾಗಿಸಿ ಮನೆಗೆ ಬರುತ್ತಿದ್ದರು. ಇದರಲ್ಲಿ ಅವರಿಗೆ ಯಾವ ಗೊಂದಲವೂ ಕಾಣುತ್ತಿರಲಿಲ್ಲ.

ನಮ್ಮ ನಾಡಿಗೆ ಬೃಹತ್ ಬಾಹುಬಲಿ ಹೊಸಬನಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟ, ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ, ವೇಣೂರಿನಲ್ಲಿ ಅಜಿಲ ಅರಸ 1604ರಲ್ಲಿ ನಿಲ್ಲಿಸಿದ 35 ಅಡಿಯದು. ಇವುಗಳ ನಂತರ ನಾಲ್ಕನೆಯದಾಗಿ ಬಂದ ಧರ್ಮಸ್ಥಳದ ಮೂರ್ತಿ 39 ಅಡಿ. ಈ ಅಳತೆ ನನಗೆ ಬಹಳ ಇಷ್ಟ. ಕ್ರೇನು, ಎಂಜಿನ್ನು ಎಲ್ಲ ಇದ್ದ ಕಾಲದಲ್ಲಿ ಮಾಡಿಸಿದರೂ ಕಾರ್ಕಳವನ್ನು ಮೀರಿಸಬೇಕೆಂಬ ಹುಕಿ ಅದರಲ್ಲಿ ಇಲ್ಲ. ಈಗ ಊರೂರಲ್ಲಿ ಎತ್ತರದ ಪೈಪೋಟಿ ನಡೆದಿದೆ. ಸಿಮೆಂಟಿನ ದೇವರುಗಳು ಅಡಿ ಅಡಿಯ ಲೆಕ್ಕದಲ್ಲಿ ಏರುತ್ತಿವೆ. ಗೆದ್ದ ರಾಜ್ಯವನ್ನೇ ಬಿಟ್ಟು ಹೋದವನ ಮೂರ್ತಿಯನ್ನು ಗೆಲ್ಲುವುದಕ್ಕಾಗಿ ಮಾಡುವುದು ಅವನಿಗೆ ಮಾಡುವ ಅಪಚಾರ ಎಂದು ನನ್ನ ಅಭಿಪ್ರಾಯ.

ಅವನ ಕತೆ ನಮಗೆಲ್ಲ ಬಾಯಿಪಾಠ. ಅಣ್ಣ ಭರತ ಚಕ್ರವರ್ತಿಯ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಗೆಲುವು. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಬಡಿಯದೆ ಮೆಲ್ಲನೆ ಇಳಿಸುತ್ತಾನೆ. ಆಮೇಲೆ ಕಾಡು, ಕಾಯೋತ್ಸರ್ಗ, ಕಾಲಿಗೆ ಹುತ್ತ, ತೋಳಿಗೆ ಬಳ್ಳಿ. ಆದರೂ ಕೇವಲಜ್ಞಾನ ಬರುವುದಿಲ್ಲ. ನಿಂತ ನೆಲ ಭರತನದ್ದು ಎಂಬ ಒಂದು ಮುಳ್ಳು ಒಳಗೆ ಉಳಿದಿರುತ್ತದೆ. ಭರತ ಬಂದು ನಮಸ್ಕರಿಸಿದಾಗ ಆ ಮುಳ್ಳು ಹೋಗುತ್ತದೆ. ಅಜ್ಜಿ ಕತೆ ಹೇಳುವಾಗ ಈ ಕೊನೆಯ ಭಾಗಕ್ಕೆ ಬಂದರೆ ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಗದ್ದೆಯ ವ್ಯಾಜ್ಯ ಇದ್ದ ಕಾಲ ಅದು. ಯಾರಿಗೆ ತಾಗಬೇಕೋ ಅವರಿಗೆ ತಾಗುತ್ತಿತ್ತು.

ಮೂರ್ತಿ ಬೆಟ್ಟದ ಮೇಲೆ ಎದ್ದು ನಿಂತದ್ದು 1975ರಲ್ಲಿ. ಪ್ರತಿಷ್ಠೆಗೆ ಇನ್ನೂ ವರ್ಷಗಳಿದ್ದವು. ಆ ನಡುವಿನ ಕಾಲವನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ನಾನು ಉಜಿರೆಯ ಕಾಲೇಜಿಗೆ ಸೇರಿದ ಮೇಲೆ ಗೆಳತಿಯರ ಜೊತೆ ಬೆಟ್ಟ ಹತ್ತುತ್ತಿದ್ದೆ. ಪೂಜೆ ಇಲ್ಲ, ಗಂಧೋದಕ ಇಲ್ಲ, ಸಾಲು ಇಲ್ಲ. ಮಾವನ ಲೆಕ್ಕದಲ್ಲಿ ಇನ್ನೂ ಕಲ್ಲು. ಆದರೆ ಮುಂದೆ ನಿಂತರೆ ಮಾತು ತಾನಾಗಿ ನಿಲ್ಲುತ್ತಿತ್ತು. ಬೆಳಗೊಳದ ಮುಖದಲ್ಲಿ ಇರುವ ಆ ಅರೆನಗೆ ಇಲ್ಲಿ ಇಲ್ಲ. ಗೋಪಾಲ ಶೆಣೈಯವರ ಬಾಹುಬಲಿ ಇನ್ನೂ ಸ್ವಲ್ಪ ಎಳೆಯ, ಈಗಷ್ಟೇ ನಿರ್ಧಾರ ಮಾಡಿದವನಂತೆ. ಕಾರ್ಕಳದ ಮೂರ್ತಿಯ ಗಡಸುತನವೂ ಇಲ್ಲ. ಶಿಲ್ಪಶಾಸ್ತ್ರ ಬಲ್ಲವರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನಗೆ ಕಂಡದ್ದು ಹಾಗೆ.

1982ರ ಫೆಬ್ರವರಿಯಲ್ಲಿ ಪ್ರತಿಷ್ಠೆ ಮತ್ತು ಮೊದಲ ಮಹಾಮಸ್ತಕಾಭಿಷೇಕ. ಅದರ ಹಿಂದಿನ ವರ್ಷವಷ್ಟೇ ಶ್ರವಣಬೆಳಗೊಳದಲ್ಲಿ ಸಹಸ್ರಾಬ್ದಿಯ ಅಭಿಷೇಕ ಮುಗಿದಿತ್ತು. ದೇಶದ ಜೈನರ ಕಣ್ಣೆಲ್ಲ ಕರ್ನಾಟಕದ ಮೇಲೆ. ನಾವು ಕಾಲೇಜಿನ ಹುಡುಗಿಯರು ಸ್ವಯಂಸೇವಕರಾಗಿ ನೀರು ಹಂಚುವ, ದಾರಿ ತೋರಿಸುವ ಕೆಲಸಕ್ಕೆ ನಿಂತೆವು. ರಾಜಸ್ಥಾನದ ದೊಡ್ಡ ಗುಂಪೊಂದು ಬಸದಿ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದಾಗ, ಹಿಂದಿ ಬಾರದ ನನ್ನ ಗೆಳತಿ ಕೈ ಹಿಡಿದೇ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಅಟ್ಟಳಿಗೆಯ ಮೇಲಿನಿಂದ ಮೊದಲು ನೀರು, ಆಮೇಲೆ ಎಳನೀರು, ಕಬ್ಬಿನ ಹಾಲು, ಹಾಲು. ಅಕ್ಕಿಹಿಟ್ಟು ಬಿದ್ದಾಗ ಮೂರ್ತಿ ಮಂಜಿನಲ್ಲಿ ಮರೆಯಾಗಿ ಮತ್ತೆ ಕಾಣಿಸಿತು. ಅರಶಿನ ಬಿದ್ದಾಗ ಬಂಗಾರ, ಕಷಾಯ ಬಿದ್ದಾಗ ಕಾವಿ, ಚಂದನ ಬಿದ್ದಾಗ ಸಂಜೆಯ ಕೆಂಪು. ಬಣ್ಣ ಒಂದೊಂದಾಗಿ ಇಳಿದು ಹೋಗಿ ಕೊನೆಗೆ ಮತ್ತೆ ಅದೇ ಕಲ್ಲಿನ ಬಣ್ಣ. ಮಾವ ನನ್ನ ಪಕ್ಕದಲ್ಲಿ ನಿಂತಿದ್ದರು. ನೆಲಕ್ಕೆ ಹಣೆ ತಾಗಿಸಿ ನಮಸ್ಕಾರ ಮಾಡಿ ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷ ತಡೆದಿಟ್ಟುಕೊಂಡ ನಮಸ್ಕಾರ ಅದು.

ಅಜ್ಜಿಗೆ ಆಗ ಮಂಡಿ ನೋವು, ಬೆಟ್ಟಕ್ಕೆ ಬರಲು ಆಗಲಿಲ್ಲ. ಹೊತ್ತುಕೊಂಡು ಹೋಗುತ್ತೇವೆ ಎಂದರೂ ಒಪ್ಪಲಿಲ್ಲ. "ಮಲಗಿದ್ದಾಗ ಕಾಲು ಮುಟ್ಟಿದ್ದೇನೆ. ನೀವು ಈಗ ಮುಟ್ಟಲಿಕ್ಕೆ ಆಗ್ತದಾ?" ಎಂದು ಕೇಳಿದರು. ಗಂಧೋದಕ ತಂದು ಕೊಟ್ಟಾಗ ಮಾತ್ರ ಹಣೆಗೆ, ಕಣ್ಣಿಗೆ, ಮಂಡಿಗೆ ಹಚ್ಚಿಕೊಂಡರು.

ಮದುವೆಯಾಗಿ ನಾನು ಘಟ್ಟ ಹತ್ತಿ ಹೋದೆ. ಬಯಲುಸೀಮೆಯ ಊರಿನಲ್ಲಿ ಅಧ್ಯಾಪಕಿಯಾದೆ. ಅಲ್ಲಿಯವರು ಧರ್ಮಸ್ಥಳಕ್ಕೆ ಹೋಗಿ ಬಂದು ಪ್ರಸಾದ ಕೊಡುವಾಗ ನಾನು ಕೇಳುವ ಮೊದಲ ಪ್ರಶ್ನೆ, ಬೆಟ್ಟ ಹತ್ತಿದಿರಾ ಎಂದು. ಹೆಚ್ಚಿನವರು ಇಲ್ಲ ಎನ್ನುತ್ತಿದ್ದರು. ದರ್ಶನ ಆಯಿತು, ಅನ್ನಪೂರ್ಣದಲ್ಲಿ ಊಟ ಆಯಿತು, ಬಸ್ಸಿಗೆ ಹೊತ್ತಾಯಿತು. ಇತಿಹಾಸ ಪಾಠ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಒಮ್ಮೆ, "ಅದು ಹೊಸದಲ್ವಾ ಮೇಡಂ, ನೋಡೋದಾದ್ರೆ ಬೆಳಗೊಳದ್ದೇ ನೋಡ್ಬೇಕು" ಎಂದರು. ಆ ಮಾತು ನನ್ನನ್ನು ಬಹುಕಾಲ ಕಾಡಿತು.

ಹೊಸದು ಎಂದರೆ ಕಡಿಮೆ ಎಂಬ ಲೆಕ್ಕ ಎಲ್ಲಿಂದ ಬಂತು? 1432ರಲ್ಲಿ ಕಾರ್ಕಳದ ಮೂರ್ತಿಯೂ ಹೊಸದೇ. ಅದನ್ನೂ ಬೇರೆಡೆ ಕೆತ್ತಿ, ಬಂಡಿಯ ಮೇಲೆ ಹೇರಿ, ಜನ ಸೇರಿ ಬೆಟ್ಟಕ್ಕೆ ಎಳೆದು ತಂದರೆಂದು ಹೇಳುವ ಕಾವ್ಯವಿದೆ. ಚಂದ್ರಮ ಕವಿಯ ಕಾರ್ಕಳದ ಗೊಮ್ಮಟೇಶ್ವರ ಚರಿತೆ. ಆದರೆ ಆ ಕವಿ ಬರೆದದ್ದು ಹದಿನೇಳನೆಯ ಶತಮಾನದಲ್ಲಿ, ಘಟನೆ ನಡೆದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ಅವನು ನೋಡಿದವನಲ್ಲ, ಕೇಳಿದವನು. ವೀರಪಾಂಡ್ಯನ ಹೆಸರು ಉಳಿದಿದೆ. ಹಗ್ಗ ಹಿಡಿದವರು ಯಾರು, ಯಾರ ಗದ್ದೆಯ ಮೇಲೆ ಬಂಡಿ ಹೋಯಿತು, ಯಾವ ಅಜ್ಜಿ ತನ್ನ ಮರ ಕಡಿಸಿದಳು ಎಂಬುದಕ್ಕೆ ಒಂದಕ್ಷರವೂ ಉಳಿದಿಲ್ಲ. ಧರ್ಮಸ್ಥಳದ ಭಾಗ್ಯ ಬೇರೆ. ಇಲ್ಲಿ ತೀರ್ಥವೊಂದು ಹುಟ್ಟಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಉಸಿರಾಡುತ್ತಿದ್ದಾರೆ. ಬೆಳಗೊಳಕ್ಕೂ ಕಾರ್ಕಳಕ್ಕೂ ವೇಣೂರಿಗೂ ಇಲ್ಲದ ಸಂಪತ್ತು ಅದು.

1982ರ ಪ್ರತಿಷ್ಠೆಯಾದ ಮೇಲೆ 1995, 2007, 2019ರಲ್ಲಿ ಅಭಿಷೇಕಗಳು ನಡೆದವು. 2019ರದಕ್ಕೆ ನಾನು ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಆದಿನಾಥನಿಂದ ಬಾಹುಬಲಿಯವರೆಗಿನ ಕತೆಯನ್ನು ಪಂಚಮಹಾವೈಭವ ಎಂಬ ರೂಪಕವಾಗಿ ಆಡಿದರು. ಮಗು ಅದನ್ನು ಕಣ್ಣು ಪಿಳುಕಿಸದೆ ನೋಡಿತು. ಜನಸಾಗರದ ನಡುವೆ ನನಗೆ ಮಾತ್ರ ಅಷ್ಟು ಹತ್ತಿರದ ಅನುಭವ ಆಗಲಿಲ್ಲ ಎಂದೇ ಹೇಳಬೇಕು. ನನಗೆ ಬೆಟ್ಟ ಪೂರ್ತಿ ಸಿಕ್ಕುವುದು ಮಳೆಗಾಲದ ಸಾಮಾನ್ಯ ದಿನಗಳಲ್ಲಿ.

ಆಷಾಢದ ಒಂದು ಬೆಳಿಗ್ಗೆ ಹೋಗಿ ನೋಡಿ. ವಾಹನಕ್ಕೆ ರಸ್ತೆ ಇದೆ, ನಡೆಯುವವರಿಗೆ ಮೆಟ್ಟಿಲಿದೆ. ಮೆಟ್ಟಿಲೇ ಒಳ್ಳೆಯದು. ಕೆಳಗೆ ಮಂಜುನಾಥನ ಸಾಲಿನ ಗದ್ದಲ ಒಂದೊಂದೇ ಮೆಟ್ಟಿಲಿಗೆ ಕಡಿಮೆಯಾಗುತ್ತಾ ಬರುತ್ತದೆ. ಮೇಲೆ ಮೂರ್ತಿಗೆ ಸೂರಿಲ್ಲ. ನಮ್ಮ ಕರಾವಳಿಯ ಮಳೆ ಎಂದರೆ ಏನೆಂದು ಇಲ್ಲಿಯವರಿಗೆ ಗೊತ್ತು. ಅದು ನೇರ ತಲೆಯ ಮೇಲೆ ಬಿದ್ದು, ಹೆಗಲಿನಿಂದ ಇಳಿದು, ಬೆರಳ ತುದಿಯಿಂದ ತೊಟ್ಟಿಕ್ಕುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ನಾವು ಮಾಡುವ ಅಭಿಷೇಕವನ್ನು ಮಳೆ ವರ್ಷಕ್ಕೆ ನಾಲ್ಕು ತಿಂಗಳು ಮಾಡುತ್ತದೆ. ಮಳೆ ಬಿಟ್ಟಾಗ ಘಟ್ಟದ ಸಾಲು ಕಾಣುತ್ತದೆ. ಕಲ್ಲಿಗೆ ಅಲ್ಲಲ್ಲಿ ಕಪ್ಪು ಹಿಡಿಯುತ್ತಿದೆ; ಕಾಲ ತನ್ನ ಕೆಲಸ ಶುರು ಮಾಡಿದೆ. ಒಮ್ಮೆ ನನ್ನ ಜೊತೆ ಬಂದಿದ್ದ ಸೊಸೆ ಅದನ್ನು ತೋರಿಸಿ, "ಅತ್ತೆ, ಹಳೇದಾಗ್ತಾ ಇದೆ ನೋಡಿ" ಎಂದಳು. ನನಗೆ ಖುಷಿಯಾಯಿತು. ಇತಿಹಾಸದ ಮೇಷ್ಟ್ರು ನೆನಪಾದರು.

ಮಾವ ಈಗಿಲ್ಲ. ಟ್ರಾಲಿ ಎಲ್ಲೆಲ್ಲಿ ನಿಂತಿತು, ಯಾವ ತಿರುವಿನಲ್ಲಿ ಎಷ್ಟು ಹೊತ್ತು ಹಿಡಿಯಿತು, ರಾತ್ರಿ ಕಾವಲಿಗೆ ಯಾರು ಮಲಗಿದರು ಎಂಬುದೆಲ್ಲ ಅವರಿಗೆ ತಿಥಿ ಸಮೇತ ನೆನಪಿತ್ತು. ಅವರ ಜೊತೆಗೇ ಅದೂ ಹೋಯಿತು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಆಗ ನಡುವಯಸ್ಸಿನವರಾಗಿದ್ದವರು ಬೆರಳೆಣಿಕೆಯಷ್ಟು. ಮೋರಿಗೆ ದಿಮ್ಮಿ ಇಟ್ಟವರು, ಚಕ್ರಕ್ಕೆ ಅಡೆ ಕೊಟ್ಟವರು, ಉಳಿಗೆ ಸಾಣೆ ಹಿಡಿದ ಕೆಲಸಗಾರರು, ಅವರ ಹೆಸರುಗಳಿಗೆ ಯಾವ ಶಾಸನವೂ ಇಲ್ಲ.

ಕಾರ್ಕಳದಿಂದ ಉಜಿರೆಯವರೆಗೆ ಆ ರಸ್ತೆಯ ಬದಿಯಲ್ಲಿ ಮನೆ ಇದ್ದವರಿಗೆಲ್ಲ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಆ ಮೂರ್ತಿಯನ್ನು ನೋಡಿದವರಾಗಿದ್ದರೆ ಈ ವಾರವೇ ಅವರ ಎದುರು ಕುಳಿತು ಕೇಳಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ. ಪೆಟ್ಟಿಗೆಯ ಅಡಿಯಲ್ಲಿ ಕಪ್ಪುಬಿಳುಪು ಫೋಟೋ ಇದ್ದರೆ ಹಿಂದುಗಡೆ ಊರು, ಇಸವಿ, ಅದರಲ್ಲಿರುವವರ ಹೆಸರು ಬರೆದು, ಒಂದು ಪ್ರತಿಯನ್ನು ನಿಮ್ಮೂರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ.